ಅಜ್ಜಿಯ ಹಸಿರು ಪೊಟ್ಟಣ

ಪೇಶಾನ್ ಧೂಳು ಒರೆಸುತ್ತಿದ್ದಳು.

ಮೊದಲು ಕಂಪ್ಯೂಟರಿನ ಪರದೆ. ಆಮೇಲೆ ಕೀಲಿಮಣೆ. ಆಮೇಲೆ ಗಾಜಿನ ಗೋಡೆ. ಗಾಜಿನ ಆಚೆ ಹದಿನೆಂಟು ವರ್ಷದ ಹಳೇ ಯಂತ್ರವೊಂದು ಸಣ್ಣಗೆ ಗೊಣಗುತ್ತಿತ್ತು. ಸಿಲಿಕಾನ್ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಹಾಸುವ ಯಂತ್ರ. ತೈವಾನಿನ ಸಿಂಚು ಊರಿನ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು 'ಅಜ್ಜಿ' ಎಂದೇ ಕರೆಯುತ್ತಿದ್ದರು. ಮುನಿಸು ಜಾಸ್ತಿ, ಕೆಲಸ ಅಚ್ಚುಕಟ್ಟು.

ಇನ್ನು ಅಜ್ಜಿ ಮುನಿಯದಿರಲೆಂದು ಇಟ್ಟಿದ್ದ ಕುರುಕಲಿನ ಪೊಟ್ಟಣವೊಂದೇ ಒರೆಸಲು ಬಾಕಿ. ಪೇಶಾನ್ ಕಂಪ್ಯೂಟರಿನ ಮೇಲಕ್ಕೆ ಕೈ ಚಾಚಿದಳು.

ಕೈಗೆ ಏನೂ ಸಿಗಲಿಲ್ಲ!

ಕುರುಂ... ಕುರುಂ...

ಬೆನ್ನ ಹಿಂದೆ ಸದ್ದು. ಅವಳು ತಿರುಗಿದಳು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಉದ್ದ ಕಾಲಿನ ಯುವಕನೊಬ್ಬ ಕೂತಿದ್ದ. ಕೈಯಲ್ಲಿ ಹಸಿರು ಕುವಾಯ್‌ಕುವಾಯ್ ಪೊಟ್ಟಣ. ಬಾಯಿ ತುಂಬ ಜೋಳದ ಕುರುಕಲು!

ಇಬ್ಬರ ಕಣ್ಣೂ ಕಲೆತವು. ಅವನ ದವಡೆ ಅಲ್ಲೇ ನಿಂತಿತು.

"ಅದು... ಅಜ್ಜೀದು..." ಅಂದಳು ಪೇಶಾನ್. ಇಡೀ ವಾರದಲ್ಲಿ ಅವಳು ಅಪರಿಚಿತರೊಬ್ಬರ ಜೊತೆ ಆಡಿದ ಮೊದಲ ಮಾತು ಅದು.

ಅವನು ಗಬಕ್ಕನೆ ನುಂಗಿ ಎದ್ದು ನಿಂತ. "ನಾನು ಶಿಹಾಂಗ್. ಮೇಲಿನ ಮಹಡಿ, ಟ್ರಾನ್ಸಿಸ್ಟರ್ ಗುಂಪು. ನೋಡಿ, ಇದರ ಅವಧಿ ನಿನ್ನೆಗೇ ಮುಗಿದಿದೆ! ಅವಧಿ ಮೀರಿದ್ದನ್ನ ಇಟ್ರೆ ಯಂತ್ರಕ್ಕೆ ಕೋಪ ಬರುತ್ತೆ. ಕಸಕ್ಕೆ ಹಾಕಿದ್ರೆ ಇನ್ನೂ ಕೋಪ. ಅದಕ್ಕೇ..."

"ಅದಕ್ಕೇ ತಿಂದ್ಬಿಟ್ರಾ?!"

"ಗೌರವದಿಂದ ತಿಂದೆ ರೀ!"

"ಹೊಸದೆಲ್ಲಿ?"

ಅವನ ಕಿವಿ ಕೆಂಪಾಯಿತು. "ನಾಲ್ಕು ಅಂಗಡಿ ಸುತ್ತಿದೆ. ಹಸಿರು ಎಲ್ಲೂ ಇಲ್ಲ. ಹೊಸ ಕಾರ್ಖಾನೆಯವರು ಪೆಟ್ಟಿಗೆಗಟ್ಟಲೆ ಒಯ್ದಿದ್ದಾರಂತೆ. ಇದೊಂದು ಇತ್ತು..." ಎಂದು ಚೀಲದಿಂದ ಹಳದಿ ಪೊಟ್ಟಣ ತೆಗೆದ.

ಹಳದಿ!

ಹಸಿರು ಇಟ್ಟರೆ ಯಂತ್ರದ ಹಸಿರು ದೀಪ ಉರಿಯುತ್ತದೆ, ಪೊಟ್ಟಣದ ಹೆಸರಿನ ಅರ್ಥದಂತೆಯೇ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬ ನಂಬಿಕೆ. ಹಳದಿ ಇಟ್ಟರೆ ಎಡವಟ್ಟಿನ ಹಳದಿ ದೀಪ ಹತ್ತುತ್ತದೆಂದು ಆ ಊರಿನ ಮಕ್ಕಳಿಗೂ ಗೊತ್ತು.

"ಒಳಗಿಡಿ! ಅಜ್ಜಿ ನೋಡಿಬಿಡ್ತಾಳೆ!" ಪೇಶಾನ್ ಎರಡೂ ಕೈಯಿಂದ ಅದನ್ನು ಮುಚ್ಚಿದಳು. ಅವನ ಬೆರಳುಗಳೂ ಕೆಳಗೆ ಸಿಕ್ಕಿಕೊಂಡವು.

*ಅಯ್ಯೋ... ಎಷ್ಟು ಬೆಚ್ಚಗಿದೆ ಈ ಕೈ...*

ಥಟ್ಟನೆ ಬಿಟ್ಟಳು. ಅದೇ ಗಡಿಬಿಡಿಯಲ್ಲಿ ಕಂಪ್ಯೂಟರಿಗೆ ಕೂತು, ಅಜ್ಜಿಗೆ ಶಾಖದ ಅಂಕಿ ಕೊಟ್ಟು, ಗುಂಡಿ ಒತ್ತಿದಳು.

ಮಧ್ಯಾಹ್ನ ಮೂರಕ್ಕೆ ಹಳದಿ ದೀಪ ಹತ್ತಿತು.

ಒಳಗೆ ಕೆಟ್ಟುಹೋದದ್ದು ಅವಳ ಕೊನೆಯ ಬಿಲ್ಲೆ. ಕರೆಂಟು ಹೋದರೂ ಬರೆದಿಟ್ಟದ್ದನ್ನು ಮರೆಯದ ಹೊಸ ಬಗೆಯ ಮೆಮೊರಿ... ಮೂರು ವರ್ಷದ ಬೆವರು! ತಿಂಗಳ ಕೊನೆಗೆ ದೊಡ್ಡ ಸಮ್ಮೇಳನಕ್ಕೆ ಪ್ರಬಂಧ ಕಳಿಸಬೇಕಿತ್ತು. ಜಪಾನಿನಿಂದ ಮುಂದಿನ ಬಿಲ್ಲೆ ಬರಲು ಇನ್ನೂ ನಾಲ್ಕು ತಿಂಗಳು.

ಅವಳು ಗಾಜಿಗೆ ಹಣೆ ಒತ್ತಿ ನಿಂತಳು. ಅಳು ಕೂಡ ಬರಲಿಲ್ಲ.

"ಅಕ್ಕಾ, ಇದೆಲ್ಲ ಆ ಮೇಲಿನ ಮಹಡಿಯ ಹೊಟ್ಟೆಬಾಕನ ಕೆಲಸ!" ಪ್ರಯೋಗಾಲಯದಲ್ಲಿ ಅವಳಿಗಿಂತ ಎರಡು ವರ್ಷ ಕಿರಿಯಳಾದ ವೆನ್‌ಲಿಂಗ್ ಕಿಡಿಕಾರಿದಳು. "ಅಜ್ಜಿಯ ಬಾಯಿಂದ ತುತ್ತು ಕಿತ್ಕೊಂಡು ತಿಂದಿದ್ದಾನೆ!"

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಹಬ್ಬಿತು. ಶಿಹಾಂಗ್ ಲಿಫ್ಟಿಗೆ ಹತ್ತಿದರೆ ಉಳಿದವರು ಇಳಿಯುತ್ತಿದ್ದರು. ಯಾರೋ ಅವನ ಕುರ್ಚಿಗೆ 'ಯಂತ್ರಗಳಿಂದ ದೂರವಿರಿ' ಎಂಬ ಚೀಟಿ ಅಂಟಿಸಿದರು.

ಸೋಮವಾರದ ಸಭೆ. ಪ್ರಯೋಗಾಲಯದ ಮುಖ್ಯಸ್ಥರು, ಪ್ರೊಫೆಸರ್ ಗೂ, ಕನ್ನಡಕ ತೆಗೆದು ಒರೆಸಿದರು.

"ನಾವು ವಿಜ್ಞಾನಿಗಳು. ಕುರುಕಲು ತಿಂದದ್ದಕ್ಕೆ ಯಂತ್ರ ಕೆಡುತ್ತೆ ಅನ್ನೋದನ್ನ ನಾನು ಒಪ್ಪಲ್ಲ." ಕನ್ನಡಕ ಏರಿಸಿದರು. "ಆದ್ರೂ... ಯಾಕಯ್ಯಾ ತಿಂದೆ?"

ಶಿಹಾಂಗ್ ಎದ್ದು ನಿಂತ. "ತಪ್ಪು ನನ್ನದೇ ಸರ್. ಪೊಟ್ಟಣ ತೆಗೆಯುವಾಗ ಕೀಲಿಮಣೆಗೆ ಕೈ ತಾಗಿಸಿದ್ದೆ. ಯಾವುದೋ ಅಂಕಿ ಬದಲಾಗಿರಬೇಕು. ಅಜ್ಜಿ ಹತ್ರ ನನಗಿರೋ ಒಂದು ತಿಂಗಳ ಸರದಿ ಪೇಶಾನ್ ತಗೊಳ್ಳಲಿ. ನನ್ನ ಬಿಲ್ಲೇನೂ ಕೊಡ್ತೀನಿ."

ಪೇಶಾನ್ ತಲೆ ಎತ್ತಲಿಲ್ಲ. *ಒಳ್ಳೇದಾಯ್ತು... ಅನುಭವಿಸಲಿ!*

ಆದರೆ ಹೊಸ ಬಿಲ್ಲೆ ಒಳಗಿಡುವ ಮುಂಚೆ ಅವಳು ಅಜ್ಜಿಯ ದಾಖಲೆ ತೆರೆದಳು. ಬಿಲ್ಲೆ ಕೆಟ್ಟ ದಿನ ಯಾರು, ಎಷ್ಟು ಹೊತ್ತಿಗೆ, ಏನು ಒತ್ತಿದರೆಂಬುದು ಅದರಲ್ಲಿತ್ತು.

ಶಾಖ: ಮುನ್ನೂರ ಇಪ್ಪತ್ತು. ಕೊಡಬೇಕಿದ್ದದ್ದು ಇನ್ನೂರ ಮೂವತ್ತು. ಒತ್ತಿದವರು... ಯೋ ಪೇಶಾನ್.

ಅವಳೇ! ಬೆಚ್ಚಗಿನ ಬೆರಳುಗಳ ಗುಂಗಿನಲ್ಲಿ ಅಂಕಿ ಹಿಂದುಮುಂದು ಮಾಡಿದ್ದಳು!

ಅದರ ಕೆಳಗೆ ಇನ್ನೊಂದು ಸಾಲು. ಸೋಮವಾರ, ಸಭೆಗೆ ಒಂದು ಗಂಟೆ ಮುಂಚೆ, ಈ ದಾಖಲೆ ತೆರೆದು ನೋಡಿದವರು: ಶಿಹಾಂಗ್.

*ಗೊತ್ತಿತ್ತು... ಅವನಿಗೆ ಗೊತ್ತಿತ್ತು! ಗೊತ್ತಿದ್ದೂ...*

ಅವಳು ಓಡಿದಳು.

ಶಿಹಾಂಗ್ ಹಿಂಬದಿಯ ತಿಂಡಿ ಅಂಗಡಿಯಲ್ಲಿ ಒಬ್ಬನೇ ಕೂತು ಮೊಟ್ಟೆಯ ಸುರುಳಿ ರೊಟ್ಟಿ ತಿನ್ನುತ್ತಿದ್ದ. ಸಿಂಚುವಿನ ಗಾಳಿ ಅವನ ಕಾಗದದ ತಟ್ಟೆ ಹಾರಿಸಲು ನೋಡುತ್ತಿತ್ತು. ಅವನು ಅದರ ಮೇಲೆ ಮೊಣಕೈ ಊರಿದ್ದ.

"ಯಾಕೆ ಸುಳ್ಳು ಹೇಳಿದ್ರಿ?" ಅವಳು ಏದುಸಿರು ಬಿಟ್ಟಳು.

ಅವನು ಬಾಯೊರೆಸಿಕೊಂಡ. "ಕಟ್ಟಡದ ದೊಡ್ಡ ಸಭೆಗಳಲ್ಲಿ ಹಿಂದೆ ಕೂತು ನಿಮ್ಮ ಕೈ ನಡುಗೋದನ್ನ ಎಷ್ಟೋ ಸಲ ನೋಡಿದ್ದೀನಿ. ಒಂದು ಅಂಕಿಗೋಸ್ಕರ ಅಷ್ಟು ಜನರ ಮುಂದೆ ನಿಲ್ಲಬೇಕಾ? ನನಗೆ ಹೇಗೂ ಕೆಟ್ಟ ಹೆಸರು ಬಂದಾಗಿತ್ತು. ಅದಕ್ಕೇ ಇನ್ನೊಂದು ಸೇರಿಸಿದೆ, ಅಷ್ಟೇ."

"ನಿಮ್ಮ ಟ್ರಾನ್ಸಿಸ್ಟರ್?"

"ಕಾಯುತ್ತೆ ಬಿಡಿ."

ಪೇಶಾನ್ ಕಣ್ಣು ತುಂಬಿತು. ಆಮೇಲೆ ಸಿಟ್ಟು ಬಂತು. "ನನಗೆ ಹೆದರಿಕೆ ಜಾಸ್ತಿ, ನಿಜ. ಹಾಗಂತ ನನ್ನ ತಪ್ಪನ್ನ ಬೇರೆಯವರ ಬೆನ್ನಿಗೆ ಹೊರಿಸೋಳಲ್ಲ!"

"ಹೇಳಿದ್ರೆ ಬಿಲ್ಲೆ ಹೋಗುತ್ತೆ. ಸರದಿ ಹೋಗುತ್ತೆ. ಸಮ್ಮೇಳನ ಕೂಡ..."

"ಗೊತ್ತು!"

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಎಲ್ಲರನ್ನೂ ಕರೆದಳು. ಹದಿನಾಲ್ಕು ಜನ. ಇಪ್ಪತ್ತೆಂಟು ಕಣ್ಣು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಅಂಕಿ... ತಪ್ಪಾಗಿ ಒತ್ತಿದ್ದು... ನಾನು." "ಶಿಹಾಂಗ್ ತಿಂದದ್ದು ನಿಜ. ಕೆಡಿಸಿದ್ದು ಅವರಲ್ಲ. ಅವರ ಸರದಿ, ಬಿಲ್ಲೆ, ಎರಡನ್ನೂ ವಾಪಸ್ ಕೊಡ್ತಿದ್ದೀನಿ."

ಎಲ್ಲರ ತಲೆಯೂ ಶಿಹಾಂಗ್ ಕಡೆ ತಿರುಗಿತು.

"ಸಮ್ಮೇಳನ ಮುಂದಿನ ವರ್ಷಕ್ಕೆ ಹೋಗುತ್ತಮ್ಮ," ಪ್ರೊಫೆಸರ್ ಮೆಲ್ಲಗೆ ಅಂದರು.

"ಹೋಗಲಿ ಸರ್." ಆಶ್ಚರ್ಯ! ಕೈ ನಡುಗುತ್ತಿರಲಿಲ್ಲ.

"ಸರಿ. ಒಬ್ಬಳು ಅಂಕಿ ತಪ್ಪಿದ್ಲು, ಇನ್ನೊಬ್ಬ ನನ್ನ ಮುಖಕ್ಕೇ ಸುಳ್ಳು ಹೇಳಿದ. ಇಬ್ಬರಿಗೂ ಶಿಕ್ಷೆ." ಅವರು ಕೆಮ್ಮಿದರು. "ವಿಜ್ಞಾನಕ್ಕೂ ಇದಕ್ಕೂ ಸಂಬಂಧ ಇಲ್ಲ... ಆದ್ರೂ ನಮ್ಮ ಇಪ್ಪತ್ತೆರಡು ಯಂತ್ರಕ್ಕೂ ಹೊಸ ಪೊಟ್ಟಣ ಬೇಕು. ಎಲ್ಲವೂ ಹಸಿರೇ!"

"ಅಣ್ಣಾ, ದಾರೀಲಿ ಹಸಿವಾದ್ರೆ ಬೇರೆ ಏನಾದ್ರೂ ತಿನ್ನಿ!" ವೆನ್‌ಲಿಂಗ್ ಕೂಗಿದಳು. ಕೋಣೆಯೆಲ್ಲ ನಕ್ಕಿತು.

ಶನಿವಾರ ಇಬ್ಬರೂ ಅವನ ಸ್ಕೂಟರಿನಲ್ಲಿ ಹೊರಟರು. ಪಕ್ಕದ ಊರು ಝೂಬೇಯಲ್ಲಿ ಮೂರು ಸಿಕ್ಕಿದವು. ಗುವಾನ್ಶಿಯಲ್ಲಿ ಐದು. ಬೆಟ್ಟದ ಬುಡದ ಬೇಪುವಿನಲ್ಲಿ, ಹಕ್ಕಾ ಜನಾಂಗದ ಅಜ್ಜಿಯೊಬ್ಬಳ ಪುಟ್ಟ ಅಂಗಡಿಯ ಅಟ್ಟದ ಮೇಲೆ, ಒಟ್ಟಿಗೇ ಹದಿನಾಲ್ಕು!

ಶಿಹಾಂಗ್ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಸ್ಕೂಟರಿಗೆ ಚೀಲ ಬಿಗಿಯುತ್ತಿದ್ದ. ಪೇಶಾನ್ ಒಂದೊಂದಾಗಿ ಅವಧಿ ನೋಡಿ ಕೊಡುತ್ತಿದ್ದಳು.

"ಒಂದು ವಿಷಯ ಹೇಳ್ಲಾ?" ಅವನು ಹಗ್ಗದ ಗಂಟು ನೋಡುತ್ತಲೇ ಕೇಳಿದ. "ಅವತ್ತು ಟ್ರಾನ್ಸಿಸ್ಟರ್ ಗುಂಪಿನವನಿಗೆ ನಿಮ್ಮ ಮಹಡೀಲಿ ಏನು ಕೆಲಸ ಅಂತ ಯಾರೂ ಕೇಳಲೇ ಇಲ್ಲ."

"ಏನಿತ್ತು?"

"ಏನೂ ಇರಲಿಲ್ಲ. ಎರಡು ತಿಂಗಳಿಂದ ದಿನಾ ಆ ಗಾಜಿನ ಮುಂದೆ ಸುಮ್ನೆ ಓಡಾಡ್ತಿದ್ದೆ. ನೀವು ತಿರುಗಿ ನೋಡ್ತಾನೇ ಇರಲಿಲ್ಲ. ಅವತ್ತು ಬೆಳಿಗ್ಗೆ ಗಾಬರಿಗೆ ಕೈಗೆ ಸಿಕ್ಕಿದ್ದನ್ನ ಬಾಯಿಗೆ ಹಾಕ್ಕೊಂಡೆ, ಆಮೇಲೆ ಹೊಸದಕ್ಕೆ ಅಂಗಡಿ ಸುತ್ತಿ ಬಂದೆ..."

"ಅವಧಿ ಮುಗಿದಿತ್ತು ಅಂದದ್ದು?"

"ಅದು ನಿಜ! ಆಣೆಗೂ! ಆದ್ರೆ ನೋಡಿದ್ದು ತಿಂದ ಮೇಲೆ."

ಪೇಶಾನ್ ನಕ್ಕಳು. ಸದ್ದು ಮಾಡಿ, ಬಾಯಿಗೆ ಕೈ ಅಡ್ಡ ಇಡದೆ.

"ನಾನು ಇನ್ನೂರ ಮೂವತ್ತನ್ನ ಮುನ್ನೂರ ಇಪ್ಪತ್ತು ಯಾಕೆ ಮಾಡಿದೆ ಗೊತ್ತಾ?" ಮಾತು ತಾನಾಗಿಯೇ ಬಂತು. "ನಿನ್ನ ಕೈ ಬೆಚ್ಚಗಿತ್ತು."

'ನಿನ್ನ' ಎಂದದ್ದು ಇಬ್ಬರಿಗೂ ಕೇಳಿಸಿತು.

ಅವನು ಹಗ್ಗ ಬಿಟ್ಟ. "ಪೇಶಾನ್... ಇನ್ನೊಂದು ಸಲ ನೋಡ್ತೀಯಾ? ಈಗಲೂ ಹಾಗೇ ಇದೆಯಾ ಅಂತ?"

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ. ಕಟ್ಟದೆ ಬಿಟ್ಟಿದ್ದ ಚೀಲದಿಂದ ಒಂದೊಂದೇ ಹಸಿರು ಪೊಟ್ಟಣ ಜಾರಿ ನೆಲಕ್ಕೆ ಬೀಳತೊಡಗಿತು.

ಅಂಗಡಿಯ ಅಜ್ಜಿ ಪೊರಕೆ ಹಿಡಿದು ಬಾಗಿಲಿಗೆ ಬಂದಳು. ಬೀದಿಗಿಳಿಯಲು ದಾರಿಯಿರಲಿಲ್ಲ.

"ತಮ್ಮಾ, ಆ ಸ್ಕೂಟರ್ ಸ್ವಲ್ಪ ಆಚೆ ತೆಗೀತೀಯಾ?"