ಜೇನು ಪೀಪಾಯಿ ಯಾವ ಚುಕ್ಕೆ?

ಭಟ್ಟಿಯ ಯಜಮಾನ ಹೋಬರ್ಟ್ ಪ್ರೂಯಿಟ್ ಮರದ ಸುತ್ತಿಗೆಯಿಂದ ಪೀಪಾಯಿಗೆ ತಟ್ಟಿದ. ಟೊಳ್ಳು ಸದ್ದು ಬಂತು. ಇನ್ನೊಮ್ಮೆ ತಟ್ಟಿ, ಬಗ್ಗಿ ನೋಡಿದ. ಪೀಪಾಯಿಯ ಹೊಟ್ಟೆಗೆ ಡ್ರಿಲ್ ಕೊರೆದ ತೂತು. ತೂತಿಗೆ ಹೊಸ ಬೆಣೆ. ಒಳಗೆ ಏಳು ವರ್ಷ ಮಲಗಿದ್ದ ಬರ್ಬನ್ ವಿಸ್ಕಿ ಒಂದು ತೊಟ್ಟೂ ಇಲ್ಲ.

ಕೆಂಟಕಿಯಲ್ಲಿ ಮನೆ ಕಳ್ಳತನವಾದರೆ ಶೆರಿಫ್ ಕಚೇರಿಗೆ ಒಂದು ಸಲ ಫೋನ್ ಮಾಡುತ್ತಾರೆ. ಬರ್ಬನ್ ಹೋದರೆ ಎರಡು ಸಲ. ಡೆಪ್ಯುಟಿ ವರ್ನಾ ಸ್ಕ್ಯಾಗ್ಸ್ ತಿಂಡಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಬಂದಳು.

ಉಗ್ರಾಣ ಐದು ಅಂತಸ್ತಿನದು. ಮೇಲೆ ಹೋದಷ್ಟೂ ಸೆಕೆ, ಸೆಕೆ ಕುಡಿದಷ್ಟೂ ಬರ್ಬನ್ನಿಗೆ ರುಚಿ. ಬರಿದಾಗಿದ್ದ ಪೀಪಾಯಿ ಇದ್ದದ್ದು ತೀರಾ ಕೆಳಗೆ, ಹಿಂದಿನ ಗೋಡೆಯ ತಣ್ಣನೆ ಮೂಲೆಯಲ್ಲಿ. ಇಡೀ ಉಗ್ರಾಣದಲ್ಲಿ ಇದಕ್ಕಿಂತ ಕೆಟ್ಟ ಮಾಲಿಲ್ಲ ಎಂದು ಹೋಬರ್ಟನೇ ಒಪ್ಪಿಕೊಂಡ. ಒಳ್ಳೆಯದು ನಾಲ್ಕನೇ ಅಂತಸ್ತಿನಲ್ಲಿ, ಬಾಗಿಲ ಕಡೆಗಿತ್ತು. ಅಂಥದ್ದನ್ನು ಇಲ್ಲಿ ಜೇನು ಪೀಪಾಯಿ ಅನ್ನುತ್ತಾರೆ. ಒಂದು ಉಗ್ರಾಣಕ್ಕೆ ಒಂದು ಸಿಕ್ಕರೆ ಪುಣ್ಯ. ಅದನ್ನು ಯಾರೂ ಮುಟ್ಟಿರಲಿಲ್ಲ.

ಚಿನ್ನ ಬಿಟ್ಟು ತಗಡು ಕದ್ದವನು ಯಾರು?

ಹೋಬರ್ಟನ ಬಾಯಲ್ಲಿ ಉತ್ತರ ಸಿದ್ಧವಿತ್ತು. ವಾಂಡಾ ಟ್ಯಾಕೆಟ್. ಉಗ್ರಾಣದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಪ್ರತಿ ಪೀಪಾಯಿಯನ್ನೂ ಒಂದು ಚುಕ್ಕೆಯಾಗಿಸಿ ಚಿತ್ರ ಮಾಡಿದವಳು. ಯಾರೂ ತಿರುಗಿ ನೋಡದ ಪೀಪಾಯಿ ಯಾವುದೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಅಂಗಳದಲ್ಲಿ, ಕೆಲಸದವರೆಲ್ಲ ಕೇಳುವ ಹಾಗೆ, ಕಳ್ಳಿ ಅಂದುಬಿಟ್ಟಿದ್ದ. ಸಂಜೆಯೊಳಗೆ ಬೀಗದ ಕೈ ಒಪ್ಪಿಸಿ ಹೊರಡಬೇಕಂತೆ.

ಸಾಹುಕಾರನಿಗೆ ಸಿಟ್ಟು ಬಂದರೆ ಮೊದಲು ಕಾಣುವುದು ಕೂಲಿಯವರ ಮುಖ. ಎಲ್ಲ ಊರಲ್ಲೂ ಇದೇ ಹಣೆಬರಹ. ಈ ಸೀಮೆಯಲ್ಲಿ ಒಂದು ಭಟ್ಟಿಯಲ್ಲಿ ಕಳ್ಳಿ ಅನ್ನಿಸಿಕೊಂಡವಳಿಗೆ ಇನ್ನೊಂದು ಭಟ್ಟಿ ಬಾಗಿಲು ತೆಗೆಯುವುದಿಲ್ಲ.

"ಸಂಜೆವರೆಗೆ ಟೈಮಿದೆ ತಾನೆ, ಹೋಬರ್ಟಣ್ಣ?" ಅಂದಳು ವರ್ನಾ. "ಅಲ್ಲಿವರೆಗೆ ಯಾವ ಪೀಪಾಯಿ ಹೋಯ್ತು ಅಂತ ಹೊರಗೆ ಯಾರಿಗೂ ಬಾಯಿ ಬಿಡಬೇಡಿ."

* * *

ವರ್ನಾಗೆ ಮೊದಲು ಅನುಮಾನ ಬಂದದ್ದು ಹೊಳೆಯಾಚೆಯ ಭಟ್ಟಿಯ ಗ್ರೋವರ್ ಶ್ಯಾಕ್ಲೆಟ್ ಮೇಲೆ. ಅವನ ಪಿಕಪ್ ಹಿಂದಿನ ದಿನ ಉಗ್ರಾಣದ ಬೇಲಿ ಪಕ್ಕ ನಿಂತಿತ್ತು. ಟೈರ್ ಪಂಕ್ಚರ್ ಆಗಿತ್ತು ಅಂದ. ಟೈರೂ ತೋರಿಸಿದ. ವರ್ನಾ ಬೆಣೆಯನ್ನು ಅವನ ಮೂಗಿಗೆ ಹಿಡಿದಳು. ಗ್ರೋವರ್ ಮೂಸಿದ. ಮುಖ ಹುಳಿಯಾಯಿತು.

"ಕಳ್ಳ ಅನ್ನಮ್ಮ, ಸಹಿಸ್ಕೋತೀನಿ. ಇದನ್ನ ಕದ್ದೆ ಅನ್ನಬೇಡ. ನನ್ನ ನಾಲಿಗೇಗೂ ಒಂದು ಮರ್ಯಾದೆ ಇದೆ."

ವರ್ನಾ ನಗು ತಡೆದುಕೊಂಡು ಜೀಪು ಹತ್ತಿದಳು. ಗ್ರೋವರ್ ಅಲ್ಲ. ರುಚಿ ಗೊತ್ತಿದ್ದ ಯಾರೂ ಅಲ್ಲ.

* * *

ವಾಂಡಾ ರಟ್ಟಿನ ಡಬ್ಬಕ್ಕೆ ತನ್ನ ಕಾಫಿ ಲೋಟ ತುಂಬುತ್ತಿದ್ದಳು. ಕಣ್ಣು ಕೆಂಪಗಿದ್ದವು. ಆ ಚಿತ್ರ ತೋರಿಸು ಅಂದಳು ವರ್ನಾ.

ಪರದೆಯ ಮೇಲೆ ಇಡೀ ಉಗ್ರಾಣ, ಗೋಡೆಯಿಲ್ಲದೆ, ಬರೀ ಚುಕ್ಕೆಗಳಾಗಿ ತೇಲುತ್ತಿತ್ತು. ಎಲ್ಲ ಚುಕ್ಕೆಗೂ ಹೆಸರು ಬರೆದರೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ, ಏನೂ ಕಾಣುವುದಿಲ್ಲ. ಅದಕ್ಕೇ ಜೇನು ಪೀಪಾಯಿಗೆ ಮಾತ್ರ ಹೆಸರು ಬರೆದೆ ಎಂದಳು ವಾಂಡಾ. ಅಕ್ಷರ ಚುಕ್ಕೆಯನ್ನೇ ಮುಚ್ಚಬಾರದು. ಆದ್ದರಿಂದ ಕೊಂಚ ಪಕ್ಕಕ್ಕೆ. ಚಿತ್ರ ಹೇಗೆ ತಿರುಗಿದರೂ ಅಕ್ಷರ ಸೂರ್ಯಕಾಂತಿಯ ಹಾಗೆ ನಮ್ಮ ಕಡೆಗೇ ಮುಖ ಮಾಡುತ್ತದೆ.

ಅವಳು ಚಿತ್ರವನ್ನು ಮೆಲ್ಲಗೆ ತಿರುಗಿಸಿದಳು. ಬಾಗಿಲ ಕಡೆಯ ಮೇಲಿನಿಂದ ಹಿಂದಿನ ಗೋಡೆಯ ಬುಡಕ್ಕೆ ಓರೆಯಾಗಿ ಇಳಿಯುವ ನೋಟ ಬಂತು.

"ಅಲ್ಲೇ ನಿಲ್ಲಿಸು," ಅಂದಳು ವರ್ನಾ.

'ಜೇನು' ಎಂಬ ಹೆಸರು ಈಗ ಇನ್ನೊಂದು ಚುಕ್ಕೆಯ ನೆತ್ತಿಯ ಮೇಲೆ ಕೂತಿತ್ತು. ಕೆಳ ಅಂತಸ್ತು, ಹಿಂದಿನ ಗೋಡೆ. ಬರಿದಾದ ಪೀಪಾಯಿ. ವಾಂಡಾ ಒಂಚೂರು ತಿರುಗಿಸಿದಳು. ಹೆಸರು ಅಲ್ಲಿಂದ ಜಿಗಿದು ತನ್ನ ಚುಕ್ಕೆಯ ಪಕ್ಕ ನಿಂತಿತು.

ಇದು ತಿರುಗುವುದನ್ನು ನೋಡದವರು ಯಾರಾದರೂ ಇದ್ದಾರಾ ಎಂದು ಕೇಳಿದಳು ವರ್ನಾ. ವಾಂಡಾ ಯೋಚಿಸಿದಳು. ಎಲ್ಲರಿಗೂ ತೋರಿಸಿದ್ದಳು, ಒಬ್ಬನನ್ನು ಬಿಟ್ಟು. ರಾಯ್ಸ್ ಜೆಂಟ್ರಿ, ಪ್ರವಾಸಿಗರಿಗೆ ಬಾಟಲಿ ಮಾರುವವನು. ಕಂಪ್ಯೂಟರ್ ಮುಂದೆ ಕೂರಲು ಪುರುಸೊತ್ತಿಲ್ಲ, ಕಾಗದದಲ್ಲಿ ಒಂದು ಪ್ರತಿ ಕೊಡು ಅಂದಿದ್ದ. ಕೊಟ್ಟಿದ್ದಳು. ಇದೇ ನೋಟ. ಹೆಸರಿಗೂ ಚುಕ್ಕೆಗೂ ನಡುವೆ ಗೆರೆ ಎಳೆಯಬೇಕೆಂದು ಅವಳಿಗೆ ಹೊಳೆದದ್ದು ಆಮೇಲೆ. ಅದನ್ನಿನ್ನೂ ಮಾಡಿರಲಿಲ್ಲ.

* * *

ರಾಯ್ಸ್ ಲೂಯಿವಿಲ್‌ನಿಂದ ಮಧ್ಯಾಹ್ನ ಬಂದ. ಒಂದು ಪೀಪಾಯಿ ಕಳುವಾಗಿದೆ, ಬಾ, ಎಂದಷ್ಟೇ ವರ್ನಾ ಫೋನಿನಲ್ಲಿ ಹೇಳಿದ್ದಳು. ಅವನು ಇಸ್ತ್ರಿ ಕೆಡದ ಅಂಗಿಯಲ್ಲಿ ನಿಂತು ತಲೆ ಚಚ್ಚಿಕೊಂಡ. ಏಳು ವರ್ಷದ ಜೇನನ್ನು ಯಾವ ಪಾಪಿ ಹೀರಿದನೋ ಎಂದ.

"ಜೇನು ಪೀಪಾಯಿ ಎಲ್ಲಿತ್ತು ರಾಯ್ಸ್?"

"ಇದೇನ್ ಮೇಡಂ, ಕೆಳಗಡೆ, ಹಿಂದಿನ ಗೋಡೆ ಹತ್ರ."

ಹೋಬರ್ಟ್ ಬಾಯಿ ತೆರೆದ. ಮುಚ್ಚಲು ಮರೆತ. ಹಿಂದೆ ಯಾರೋ ಕಿಸಕ್ಕೆಂದರು.

ರಾಯ್ಸನ ಕಾರಿನ ಡಿಕ್ಕಿಯಲ್ಲಿ ಗಾಜಿನ ಹೂಜಿಗಳು ಸಿಕ್ಕವು. ಕೊರಳಿಗೆಲ್ಲ ಚಿನ್ನದ ಅಕ್ಷರದ ಚೀಟಿ: ಜೇನು. ಕೆಲವನ್ನು ಆಗಲೇ ಲೂಯಿವಿಲ್‌ನಲ್ಲಿ ಮಾರಿದ್ದ. ಕೊಂಡ ದೊಡ್ಡ ಮನುಷ್ಯರು ಕುಡಿದು, ಕಣ್ಣು ಮುಚ್ಚಿ, ಸ್ವರ್ಗ ಅಂದರಂತೆ. ದುಡ್ಡಿನವರ ನಾಲಿಗೆ ರುಚಿ ನೋಡುವುದಿಲ್ಲ, ಚೀಟಿ ಓದುತ್ತದೆ.

ರಾಯ್ಸನ ಕೋಣೆಯಲ್ಲಿದ್ದ ಆ ಕಾಗದವನ್ನು ವರ್ನಾ ಎತ್ತಿ ಹಿಡಿದಳು. ಹೋಬರ್ಟನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ.

"ಒಂದು ಕಣ್ಣು ಮುಚ್ಚಿ, ಹೋಬರ್ಟಣ್ಣ. ನನ್ನ ಬೆರಳು ನೋಡಿ. ಆ ಬಲ್ಬಿಗೆ ತಗುಲಿದೆ ಅಲ್ವಾ?"

"ತಗುಲಿದೆ."

"ಮತ್ತೆ ನನ್ನ ಬೆರಳು ಯಾಕೆ ಸುಟ್ಟಿಲ್ಲ? ಬಲ್ಬು ಆ ತುದೀಲಿದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಹೋದ್ರೆ ಗೊತ್ತಾಗುತ್ತೆ. ಕಾಗದದಲ್ಲಿ ಪಕ್ಕಕ್ಕೆ ಹೋಗೋಕಾಗಲ್ಲ. ಚಿತ್ರ ತಿರುಗಿಸಿ ನೋಡಿದವರು ನಾಲ್ಕನೇ ಅಂತಸ್ತು ಹತ್ತಿರ್ತಿದ್ರು. ರುಚಿ ಗೊತ್ತಿದ್ದವರು ಆ ಮೂಲೇನ ಮೂಸಿಯೂ ನೋಡ್ತಿರಲಿಲ್ಲ. ಎರಡೂ ಇಲ್ಲದವನು ಇವನೊಬ್ಬ."

ಜೀಪಿನಲ್ಲಿ ಕೂರುವಾಗ ರಾಯ್ಸ್ ಮೆತ್ತಗೆ, ಹಾಗಾದರೆ ನಿಜವಾದ ಜೇನು ಹೇಗಿರುತ್ತದೆ ಎಂದು ಕೇಳಿದನಂತೆ.

* * *

ಹೋಬರ್ಟ್ ಟೋಪಿ ತೆಗೆದು ವಾಂಡಾಳ ಮೇಜಿನ ಮುಂದೆ ನಿಂತ. ದನಿ ತಗ್ಗಿಸಿ, ತಪ್ಪಾಯ್ತಮ್ಮ, ಡಬ್ಬ ಬಿಚ್ಚು, ಅಂದ.

ವಾಂಡಾ ಡಬ್ಬ ಬಿಚ್ಚಲಿಲ್ಲ.

"ಯಜಮಾನ್ರೇ, ಕಳ್ಳಿ ಅಂದಿದ್ದು ಅಂಗಳದಲ್ಲಿ. ಈಗ ಕಿವೀಲಿ ಹೇಳಿದ್ರೆ ಆಗುತ್ತಾ?"

ಹೋಬರ್ಟ್ ಕೆಂಪಾದ. ಆಮೇಲೆ ಹೊರಗೆ ನಡೆದು, ಪಿಕಪ್ಪಿನ ಮೇಲೆ ಹತ್ತಿ, ಭಟ್ಟಿಯವರು, ಗಾಡಿಯವರು, ಬಂದ ಪ್ರವಾಸಿಗರು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ. ಹುಡುಗಿ ಚೊಕ್ಕ. ನಾನೇ ಕತ್ತೆ.

ಎರಡನೆಯದು ಕೇಳಿಸಲಿಲ್ಲ ಎಂದು ಯಾರೋ ಹಿಂದಿನಿಂದ ಹೇಳಿದರು. ಮತ್ತೆ ಕೂಗಿದ. ಆಗ ಒಬ್ಬ ಸುತ್ತಿಗೆ ಎತ್ತಿ ಖಾಲಿ ಪೀಪಾಯಿಗೆ ಬಡಿದ. ಇನ್ನೊಬ್ಬ ಬಡಿದ. ಅಂಗಳದ ಪೀಪಾಯಿಗಳೆಲ್ಲ ನಗಾರಿಯಾದವು. ವಾಂಡಾ ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕೂ ನಕ್ಕೂ ಸಾಕಾಗಿ, ಕೂತು, ಹೆಸರಿನಿಂದ ಚುಕ್ಕೆಗೆ ಗೆರೆ ಎಳೆಯತೊಡಗಿದಳು.