ಅವನೊಬ್ಬನೇ ಕೇಳಿದ ಹಾಡು

ಆ ಬ್ಯಾಂಡಿನಲ್ಲಿ ಅವಳಿಗೆ ಸ್ವಂತದ್ದು ಅಂತ ಒಂದು ಗುಂಡಿಯೂ ಇರಲಿಲ್ಲ.

ಕೀಬೋರ್ಡ್ ನುಡಿಸುವವರ ಮುಂದೆ ನೂರಾರು ಗುಂಡಿ. ತಾಳದ ಯಂತ್ರ ನೋಡಿಕೊಳ್ಳುವವನ ಮುಂದೆ ಮಿಣುಕುವ ಚೌಕಗಳು. ಹಾಡುವ ಇವಳ ಮುಂದೆ ಒಂದು ಮೈಕು. ಅದನ್ನು ತೆರೆಯುವುದು, ಮುಚ್ಚುವುದು ಹಾಲ್‌ನ ಹಿಂದುಗಡೆ ಕೂತ ಸೌಂಡಿನವನ ಬೆರಳಲ್ಲಿ. ಹಾಡುವಾಗ ಅವಳ ಕಿವಿಗೆ ಏನು ಬೀಳಬೇಕು ಅನ್ನುವುದೂ ಅವನ ಬೆರಳಲ್ಲೇ. ಇಯರ್‌ಪೀಸ್ ತುರುಕಿಕೊಂಡರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಅವನು ಕಳಿಸಿದ್ದಷ್ಟೇ ಬರುತ್ತದೆ.

ಹೊಸ ಸೌಂಡಿನವನು ಬಂದ ಮೊದಲ ದಿನವೇ ಅವಳು ವೇದಿಕೆಯಿಂದ ಇಳಿದು ಬಂದು, ಎರಡೂ ಇಯರ್‌ಪೀಸ್ ಕಿತ್ತು ಅವನ ಮೇಜಿನ ಮೇಲೆ ಎಸೆದಳು.

“ಏನ್ರೀ, ನನ್ನ ಕಿವಿಯೇನು ಗೋಡೌನಾ? ಡ್ರಮ್ಮು, ಬೇಸು ಎಲ್ಲಾ ತಂದು ತುಂಬಿದೀರ. ನನ್ನ ದನಿ ಎಲ್ಲಿ?”

ಅವನು ನಿಧಾನವಾಗಿ ತಲೆಯೆತ್ತಿದ. “ನಿಮಗೆ ಹೀಗೇ ಬೇಕು ಅಂತ ಹಿಂದಿನವರು ಹೇಳಿಹೋಗಿದ್ರು.”

“ಹಿಂದಿನವನಿಗೆ ಕಿವಿನೇ ಇರಲಿಲ್ಲ.”

“ಅದಕ್ಕೇ ಹಿಂದಿನವರಾದ್ರು ಅನ್ಸುತ್ತೆ.”

ತಾಳದವನು ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ. ಅವನೂ ನಗದೆ ಇಯರ್‌ಪೀಸ್ ಒರೆಸಿ ಅವಳ ಕೈಗಿಟ್ಟ. “ಒಂದು ಸಾಲು ಹಾಡಿ, ಮೇಡಂ.”

ಹಾಡಿದಳು. ಈ ಸಲ ಅವಳ ದನಿ ಅವಳ ಪಕ್ಕದಲ್ಲೇ ಬಂದು ಕೂತಂತೆ ಕೇಳಿಸಿತು. ಉಸಿರು ಎಳೆದುಕೊಂಡ ಸದ್ದೂ ಸಿಕ್ಕಿತು. ಎದುರಿಗೆ ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದ.

“ಈಗ?”

“ಪರವಾಗಿಲ್ಲ,” ಎಂದಳು, ಸಿಟ್ಟು ಇಳಿದದ್ದು ತೋರಗೊಡದೆ.

ಮಾತು ಕಡಿಮೆ ಅಂತ ಬ್ಯಾಂಡಿನವರು ಅವನಿಗೆ ಮೌನಿ ಎಂದು ಹೆಸರಿಟ್ಟರು.

ಅವಳಿಗೆ ಇದು ಮೂರನೇ ಬ್ಯಾಂಡು. ಮೊದಲನೆಯದು ಅಣ್ಣತಮ್ಮಂದಿರಿಬ್ಬರದು, ಒಂದು ಸಿಂಥಸೈಜರ್ ಯಾರ ಪಾಲಿಗೆ ಅನ್ನುವ ಜಗಳದಲ್ಲಿ ಒಡೆಯಿತು. ಎರಡನೆಯದರಲ್ಲಿ ಅವಳು ಹಾಡಿದಳು, ಪೋಸ್ಟರಿನಲ್ಲಿ ಬೇರೆ ಹುಡುಗಿ ನಿಂತಳು. ಈ ಮೂರನೆಯದು ಎಲ್ಲರೂ ಗುರುಗಳೇ ಎಂದು ಕರೆಯುವ ಕೀಬೋರ್ಡಿನವರದು. ಇದರಲ್ಲಿ ಹಾಡು ಹಿಟ್ಟಾಯಿತು, ಹೆಸರು ಬಂತು. ವಾರಕ್ಕೆ ನಾಲ್ಕೈದು ಕಾರ್ಯಕ್ರಮ, ನಾಲ್ಕು ವರ್ಷ. ಒಂದು ಚಳಿಗಾಲದಲ್ಲಿ ಗಂಟಲು ಊದಿಕೊಂಡಿತು. ವಾಸಿಯೂ ಆಯಿತು. ಆದರೆ ದನಿ ದಪ್ಪಗಾಯಿತು, ಮೇಲಿನ ಸ್ವರಗಳು ಕೈಗೆ ಸಿಕ್ಕಂತಾಗಿ ಜಾರತೊಡಗಿದವು.

“ಶ್ರುತಿ ಸ್ವಲ್ಪ ಇಳಿಸೋಣ ಗುರುಗಳೇ,” ಎಂದು ಅವಳು ಗುರುಗಳನ್ನು ಕೇಳಿದ್ದಳು.

“ಇಳಿಸೋಕೆ ನಾನೇನು ತಂಬೂರಿ ಇಟ್ಕೊಂಡಿದೀನಾ? ಮೊದಲೇ ಮಾಡಿಟ್ಟಿರೋ ಟ್ರ್ಯಾಕ್ ಎಲ್ಲಾ ಮತ್ತೆ ಬುಡದಿಂದ ಕಟ್ಟಬೇಕು ಕಣಮ್ಮ.”

ಅವಳು ಕೇಳುತ್ತಲೇ ಇದ್ದಳು, ಅವರು ರೇಗುತ್ತಲೇ ಇದ್ದರು. ಮೌನಿ ಬಂದ ಮೇಲೆ ರೇಗುವುದು ತಟ್ಟನೆ ನಿಂತುಹೋಯಿತು. “ನೀನು ಹಾಡು, ಎಲ್ಲಾ ಸರಿಯಾಗುತ್ತೆ,” ಎಂದು ಬೆನ್ನು ತಟ್ಟುವಷ್ಟು ಒಳ್ಳೆಯವರಾದರು.

ಕಾರ್ಯಕ್ರಮ ಮುಗಿದ ಮೇಲೆ ಮೌನಿ ವೈರು ಸುತ್ತುತ್ತಿದ್ದ. ಅವಳು ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಅವನ ಬಾಯಲ್ಲಿ ‘ಮೇಡಂ’ ಹೋಗಿ ‘ನೀನು’ ಆದದ್ದು ಅಲ್ಲೇ. ಒಮ್ಮೆ ಅವಳು ಹಾಲ್‌ನ ಹಿಂಭಾಗದ ಮೆಟ್ಟಿಲ ಕೆಳಗೆ ನಿಂತು, ಜಾರುತ್ತಿದ್ದ ಒಂದೇ ಸಾಲನ್ನು ಬಹಳ ಹೊತ್ತು ತಿದ್ದಿದಳು. ಅವತ್ತು ವೇದಿಕೆಯಲ್ಲಿ ಆ ಸ್ವರ ಹತ್ತಿತು. ಜನ ಎದ್ದು ನಿಂತು ಕೂಗಿದರು.

ಅವಳು ಓಡುತ್ತಾ ಬಂದಳು. “ಕೇಳಿದ್ಯಾ? ಇವತ್ತು ಹತ್ತಿದ್ದು ಕೇಳಿದ್ಯಾ? ಜನ ಹೇಗೆ ಕೂಗಿದ್ರು ನೋಡು.”

ಅವನು ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ.

“ಕೇಳಿದೆ,” ಎಂದ.

ಅಷ್ಟೇ. ಆ ಒಂದು ಪದವನ್ನು ಅವಳು ಮನೆಯವರೆಗೂ ಮುದ್ದಿಸಿಕೊಂಡು ಹೋದಳು. ‘ಇವನು ಸುಮ್ಮಸುಮ್ಮನೆ ಹೊಗಳೋನಲ್ಲ...’

* * *

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ಮಧ್ಯಾಹ್ನ ಒಂದು ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ನಡೆದ ಕಾರ್ಯಕ್ರಮಕ್ಕೆ ಮೊದಲ ಸಲ ಬಂದಿದ್ದಳು. ಸಂಜೆ ಒಗೆದ ಬಟ್ಟೆ ಮಡಚುತ್ತಾ ಕೇಳಿದಳು:

“ಅಲ್ಲ ಕಣೇ, ನೀನು ಕೆಮ್ಮಿದಾಗಲೂ ಹಾಡು ನಿಲ್ಲೋದೇ ಇಲ್ವಲ್ಲ. ಅದೇನು ಅಭ್ಯಾಸನಾ?”

“ನಿಂತಿತು ಅಕ್ಕ. ಅರ್ಧ ಸಾಲು ಬಿಟ್ಟುಹೋಯ್ತು.”

“ಎಲ್ಲಿ ಬಿಟ್ಟುಹೋಯ್ತು? ಫೋನಲ್ಲಿ ಹಿಡಿದಿದೀನಿ, ನೀನೇ ನೋಡು.”

ನೋಡಿದಳು. ಪರದೆಯ ಮೇಲೆ ಅವಳು ಮೈಕಿನಿಂದ ಮುಖ ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಬಗ್ಗಿ ಕೆಮ್ಮುತ್ತಿದ್ದಳು. ಹಾಡು ಮಾತ್ರ ಎಲ್ಲೂ ತಡವರಿಸದೆ ಸಾಗುತ್ತಿತ್ತು. ತೆಳುವಾದ, ನುಣ್ಣನೆಯ, ನಾಲ್ಕು ವರ್ಷದ ಹಿಂದಿನ ಅವಳದೇ ದನಿ.

ಮತ್ತೆ ಹಿಂದೆ ಹಾಕಿ ನೋಡಿದಳು. ಮತ್ತೆ.

“ಯಾಕೇ, ಮುಖ ಹಂಗ್ಯಾಕಾಯ್ತು?”

‘ಹಾಗಾದರೆ ಅವತ್ತು ಜನ ಕೂಗಿದ್ದು... ಯಾರಿಗೆ?’

* * *

ಅಭ್ಯಾಸದ ಕೋಣೆ ಒಂದು ಟೈರ್ ಅಂಗಡಿಯ ಮಹಡಿಯಲ್ಲಿತ್ತು. ಮರುದಿನ ಬೆಳಿಗ್ಗೆ ಅವಳು ಬಂದಾಗ ಮೌನಿ ಒಬ್ಬನೇ ಕೂತು ವೈರಿಗೆ ಬೆಸುಗೆ ಹಾಕುತ್ತಿದ್ದ.

“ಎಷ್ಟು ದಿನದಿಂದ?”

ಏನು ಅಂತ ಅವನು ಕೇಳಲಿಲ್ಲ. ಬೆಸುಗೆ ಕಡ್ಡಿ ಕೆಳಗಿಟ್ಟ. “ಬಂದ ಎರಡನೇ ವಾರದಿಂದ.”

“ನಾನು ಜನರ ಹತ್ರ ಮಾತಾಡುವಾಗ ಮೈಕ್ ಬರುತ್ತಲ್ಲ?”

“ಮಾತಿಗೆ ತೆಗೀತೀನಿ. ಹಾಡು ಶುರುವಾದ ತಕ್ಷಣ ಮುಚ್ತೀನಿ. ಹಾಲ್‌ಗೆ ರೆಕಾರ್ಡಿಂಗ್ ಹೋಗುತ್ತೆ. ನಿನ್ನ ಕಿವಿಗೆ ನಿನ್ನ ದನಿ.”

ಅವನು ಅದನ್ನು ಅಷ್ಟು ಅಚ್ಚುಕಟ್ಟಾಗಿ ಹೇಳಿದ್ದೇ ಅವಳ ಮೈಗೆ ಬೆಂಕಿ ಹಚ್ಚಿತು.

“ನೀನೇ ಕೇಳಿಕೊಂಡಿದ್ದು ಅಂದ್ರು ಗುರುಗಳು,” ಎಂದ. “ಗಂಟಲು ಕೆಟ್ಟಿದೆ, ನಾಚಿಕೆಪಡ್ತಾಳೆ, ಅವಳ ಮುಂದೆ ಆ ಮಾತೇ ಎತ್ತಬೇಡ ಅಂದ್ರು. ನಾನು ನಂಬಿದೆ.”

ಒಂದು ಕ್ಷಣ ಅವಳಿಗೆ ಕುರ್ಚಿ ಎಳೆದುಕೊಂಡು ಕೂರಬೇಕೆನಿಸಿತು. ‘ಇವನಿಗೂ ಗೊತ್ತಿರಲಿಲ್ಲ... ಇವನಿಗೂ ಮೋಸ...’ ಆದರೆ ಅವನು ಇನ್ನೂ ತಲೆಯೆತ್ತಿರಲಿಲ್ಲ.

“ಯಾವತ್ತಿನವರೆಗೆ ನಂಬಿದೆ?”

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಅವನು ಬೆಸುಗೆ ಹಾಕಿದ ವೈರನ್ನು ಪಕ್ಕಕ್ಕೆ ಸರಿಸಿದ.

“ಮೆಟ್ಟಿಲ ಕೆಳಗೆ ನಿಂತು ಅಷ್ಟು ಹೊತ್ತು ಒಂದೇ ಸಾಲು ತಿದ್ದಿದ್ಯಲ್ಲ, ಅವತ್ತಿನವರೆಗೆ. ಯಾರಿಗೂ ಕೇಳಿಸಲ್ಲ ಅಂತ ಗೊತ್ತಿರೋರು ಹಾಗೆ ಅಭ್ಯಾಸ ಮಾಡಲ್ಲ.”

“ಆಮೇಲೆ?”

“ಆಮೇಲೆ ಹೇಳಬೇಕಿತ್ತು. ಹೇಳಿದ್ರೆ ನೀನು ಬ್ಯಾಂಡ್ ಬಿಟ್ಟು ಹೋಗ್ತೀಯ ಅಂತ... ಹೇಳಲಿಲ್ಲ.” ಈಗ ತಲೆಯೆತ್ತಿದ. “ಆ ರೆಕಾರ್ಡಿಂಗ್ ದನಿ ನನಗಿಷ್ಟ ಇಲ್ಲ. ನಿನ್ನ ಈಗಿನ ದನಿನೇ ಇಷ್ಟ. ಒಂದು ಹಾಡೂ ಬಿಡದೆ ಕೇಳಿದೀನಿ, ಹೆಡ್‌ಫೋನಲ್ಲಿ. ನಾನೊಬ್ಬನೇ. ನಿನ್ನನ್ನ ಪ್ರೀತಿಸ್ತೀನಿ.”

ಈ ಮಾತು ಹಿಂದಿನ ದಿನ ಬಂದಿದ್ದರೆ ಅವಳು ಅತ್ತುಬಿಡುತ್ತಿದ್ದಳೋ ಏನೋ.

“ಹಾಲ್ ತುಂಬ ಜನಕ್ಕೆ ಬಡಿಸಬೇಕಾದ್ದನ್ನ ಬಾಗಿಲು ಹಾಕ್ಕೊಂಡು ನೀನೊಬ್ಬನೇ ತಿಂದೆ. ಈಗ ಬಂದು ರುಚಿಯಾಗಿತ್ತು ಅಂತ ನನಗೇ ಹೇಳ್ತೀಯಾ? ಇದಕ್ಕೆ ಪ್ರೀತಿ ಅನ್ನಬೇಡ. ಬೇರೆ ಹೆಸರು ಹುಡುಕು.”

ಗುರುಗಳು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದರು. ಅವಳು ಅವರ ಮುಂದೆ ಅಕ್ಕನ ವಿಡಿಯೋ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

“ಚೆನ್ನಾಗೇ ಬಂದಿದೆಯಲ್ಲಮ್ಮ.”

“ಗುರುಗಳೇ, ಇದು ನಾನಲ್ಲ.”

“ನೀನಲ್ಲದೆ ಮತ್ಯಾರು? ನಿನ್ನ ದನಿ, ನಿನ್ನ ಹೆಸರು, ಚಪ್ಪಾಳೆ ನಿನಗೆ. ಜನ ದುಡ್ಡು ಕೊಟ್ಟು ಬರೋದು ಆ ದನಿಗೆ. ನಿನಗೇನು ನಷ್ಟ?”

“ಹಾಡೋದು ನಷ್ಟ.”

“ನೋಡು, ಒಂಬತ್ತು ಹಾಡಿನ ರೆಕಾರ್ಡಿಂಗೂ ನನ್ನದು, ನೀನೇ ಸಹಿ ಹಾಕಿಕೊಟ್ಟಿದೀಯ. ಶನಿವಾರ ಊರೂರಲ್ಲಿ ಕಾರ್ಯಕ್ರಮ ಮಾಡಿಸೋ ದೊಡ್ಡ ಕಂಪನಿಯವರು ನೋಡೋಕೆ ಬರ್ತಿದಾರೆ, ಒಪ್ಪಿದ್ರೆ ವರ್ಷವಿಡೀ ಪ್ರವಾಸ. ಮನಸ್ಸಿದ್ರೆ ಬಂದು ನಿಂತ್ಕೋ. ಇಲ್ಲಾಂದ್ರೆ ಬಾಯಾಡಿಸೋಕೆ ಇನ್ನೊಬ್ಬಳು ಸಿಗ್ತಾಳೆ.”

ಆ ಮಾತು ಅವಳ ಜೊತೆ ಮನೆಗೆ ಬಂತು. ತಟ್ಟೆಯ ಮುಂದೆ ಕೂತಾಗಲೂ ಇತ್ತು. ಬಿಟ್ಟುಹೋದರೆ ಅವಳ ಹಳೆಯ ದನಿಗೆ ಹೊಸ ಬಾಯಿ ಸಿಗುತ್ತದೆ. ಉಳಿದರೆ ಅವಳ ಬಾಯೇ ಆ ದನಿಗೆ ಬಾಡಿಗೆಗೆ ಬೀಳುತ್ತದೆ. ಎರಡರಲ್ಲೂ ಅವಳ ಈಗಿನ ದನಿ ಯಾರಿಗೂ ಕೇಳಿಸುವುದಿಲ್ಲ.

“ಕೆಲಸ ಬಿಡ್ತೀಯಾ?” ಎಂದಳು ಅಕ್ಕ.

“ಒಂದು ಸಲ ಹಾಡಿ ಬಿಡ್ತೀನಿ.”

* * *

ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಅವಳು ನೇರವಾಗಿ ಸೌಂಡಿನ ಮೇಜಿಗೆ ಹೋದಳು. ಮೌನಿ ಎದ್ದು ನಿಂತ.

“ನಾನು ಕ್ಷಮಿಸೋಕೆ ಬಂದಿಲ್ಲ. ಇವತ್ತು ಮೈಕ್ ತೆಗಿ.”

“ಮೇಲಿನ ಸ್ವರ ಒಡೆಯುತ್ತೆ.”

“ಒಡೀಲಿ.”

“ಕೆಲಸ ಹೋಗುತ್ತೆ.”

“ಯಾರದು?”

“ಇಬ್ಬರದೂ.”

ಬೇಡಿಕೊಳ್ಳುವುದಿಲ್ಲ ಎಂದು ಮನೆಯಿಂದಲೇ ನಿಶ್ಚಯಿಸಿ ಬಂದಿದ್ದಳು. ಅವನು ಮೇಜಿನ ಮೇಲಿನ ಗುಂಡಿಗಳನ್ನು ನೋಡುತ್ತಾ ನಿಂತ.

“ಮೊದಲ ಹಾಡಿಂದನಾ, ಕೊನೇದಕ್ಕಾ?”

“ಮೊದಲಿಂದ.”

“ಸರಿ.”

ಹಾಲ್ ತುಂಬಿತು. ವೇದಿಕೆಯ ದೀಪ ಹತ್ತಿತು. ಅವಳು ಒಂದು ಕಿವಿಯ ಇಯರ್‌ಪೀಸ್ ತೆಗೆದು ಕುತ್ತಿಗೆಗೆ ಇಳಿಬಿಟ್ಟಳು. ಮೊದಲ ಸಾಲು ಹಾಡಿದಾಗ ದೊಡ್ಡ ಸ್ಪೀಕರುಗಳಿಂದ ಹೊರಟದ್ದು ದಪ್ಪನೆಯ, ಅಂಚು ಸವೆದ ದನಿ. ಅವಳದೇ. ಗುರುಗಳು ಕೀಬೋರ್ಡಿನ ಹಿಂದಿನಿಂದ ಕತ್ತು ಚಾಚಿದರು.

ಪಲ್ಲವಿ ಹೇಗೋ ದಾಟಿತು. ಮೇಲಿನ ಸ್ವರ ಬಂತು... ಒಡೆಯಿತು. ಚೆನ್ನಾಗಿಯೇ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಿಂದಿನಿಂದ ಒಂದು ಸಿಳ್ಳೆ. ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು, ಆದರೆ ಅದರ ಕೆಳಗೆ ಸಿಟ್ಟು ಇನ್ನೂ ಗಟ್ಟಿಯಾಗಿ ನಿಂತಿತ್ತು. ‘ನಗಿ. ನನ್ನ ದನಿ ಕೇಳಿ ನಗ್ತಿದೀರಲ್ಲ, ನಗಿ.’ ಎರಡನೇ ಚರಣಕ್ಕೆ ಅವಳು ಮೇಲೆ ಹತ್ತುವ ಯತ್ನವನ್ನೇ ಬಿಟ್ಟು, ಅದೇ ಸಾಲನ್ನು ಕೆಳಗೆ, ಎದೆಯಿಂದ ಹಾಡಿದಳು.

ಗುರುಗಳಿಗೆ ತಡೆಯಲಾಗಲಿಲ್ಲ. ಕೀಬೋರ್ಡ್ ಬಿಟ್ಟು, ವೇದಿಕೆಯಿಂದ ಇಳಿದು, ಜನರ ನಡುವೆ ದಾಪುಗಾಲು ಹಾಕುತ್ತಾ ಸೌಂಡಿನ ಮೇಜಿನ ಕಡೆ ಹೊರಟರು.

ಕೀಬೋರ್ಡ್ ಮಾತ್ರ ನುಡಿಯುತ್ತಲೇ ಇತ್ತು.

ಮೊದಲು ಗಮನಿಸಿದವನು ಸಿಳ್ಳೆ ಹಾಕಿದವನೇ. “ಅಣ್ಣಾ, ನೀವು ಊಟ ಮಾಡ್ಕೊಂಡೇ ಬನ್ನಿ, ಅದು ತಾನೇ ಬಾರಿಸ್ಕೊಳ್ಳುತ್ತೆ!”

ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಖಾಲಿ ಕುರ್ಚಿಯ ಮುಂದೆ ಗುರುಗಳ ಪ್ರಸಿದ್ಧ ಬೆರಳುಗಾರಿಕೆ ಒಂದು ಸ್ವರವೂ ತಪ್ಪದೆ ಹರಿಯುತ್ತಿತ್ತು. ಅವಳಿಗೂ ಹಾಡಿನ ನಡುವೆ ನಗು ಬಂದುಬಿಟ್ಟಿತು, ಅದೂ ಸ್ಪೀಕರಿನಲ್ಲಿ ಹೋಯಿತು.

“ಮುಚ್ಚೋ ಅದನ್ನ!” ಗುರುಗಳು ಮೇಜಿಗೆ ಕೈ ಹಾಕಿದರು. ಮೌನಿ ಗುಂಡಿಗಳ ಮೇಲೆ ಮೈ ಅಡ್ಡ ಇಟ್ಟ. ಅವರ ಉಂಗುರ ಅವನ ಮಣಿಕಟ್ಟನ್ನು ಉದ್ದಕ್ಕೆ ಗೀರಿತು. ಅವನು ಕೈ ತೆಗೆಯಲಿಲ್ಲ. ಹಾಗೇ ಅವಳು ಮೂರು ಹಾಡು ಹಾಡಿದಳು. ಒಂದಿಷ್ಟು ಜನ ಎದ್ದು ಹೋದರು, ಒಂದಿಷ್ಟು ಜನ ಮುಂದೆ ಬಂದು ಕೂತರು. ನಾಲ್ಕನೆಯದಕ್ಕೆ ಹಾಲ್‌ನವರು ಬಂದು ಕರೆಂಟ್ ತೆಗೆದರು.

* * *

ಹೊರಗೆ ಇನ್ನೂ ಬಿಸಿಲಿತ್ತು. ಸಾಮಾನು ಇಳಿಸುವ ಬಾಗಿಲ ಬಳಿ ಮೌನಿ ತನ್ನ ಹೆಡ್‌ಫೋನನ್ನಷ್ಟೇ ಎತ್ತಿಕೊಂಡು ಬಂದ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಅವನ ಮಣಿಕಟ್ಟು ಕಂಡಿತು.

“ಇಲ್ಲಿ ಕೊಡು.” ಬಾಟಲಿಯ ನೀರು ಸುರಿದಳು. “ಉರೀತಾ?”

“ಹೂಂ.”

“ಉರೀಲಿ.”

ನೀರು ಮುಗಿಯಿತು. ಅವಳು ಕೈ ಬಿಡಲಿಲ್ಲ.

“ನೀನು ಹೇಳಿದ ಹಾಗೆ ಹುಡುಕಿದೆ, ಬೇರೆ ಹೆಸರು ಸಿಗಲಿಲ್ಲ,” ಎಂದ ಅವನು. “ಅವತ್ತು ಪ್ರೀತಿ ಇಟ್ಕೊಂಡೇ ತಪ್ಪು ಮಾಡಿದೆ. ಎರಡೂ ನನ್ನದೇ.”

“ನನಗೆ ನಿನ್ನ ಮೇಲೆ ಸಿಟ್ಟು ಇನ್ನೂ ಇದೆ.”

“ಗೊತ್ತು. ಎಷ್ಟು ದಿನ ಇರುತ್ತೆ?”

“ನನಗೇನು ಗೊತ್ತು?” ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು. “ಜೊತೆಗಿದ್ದು ನೋಡು.”

ಆ ಸಂಜೆ ಹೋದದ್ದು ಎರಡು ಕೆಲಸ, ಒಂದು ಬ್ಯಾಂಡು, ಗುರುಗಳ ಹತ್ತಿರವೇ ಉಳಿದ ಒಂಬತ್ತು ಹಾಡು, ಮತ್ತು ಅವಳಿಗೆ ಇನ್ನು ಯಾವತ್ತೂ ಹತ್ತದ ಮೇಲಿನ ಎರಡು ಸ್ವರ.