ಹನ್ನೆರಡು ಗಂಡಂದಿರ ರಾಣಿಯ ಮನೆ

ಬಹಳ ಹಿಂದೆ, ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ತುಡುವೆನಾಡು ಅಂತ ಜೇನುಗಳ ಒಂದು ರಾಜ್ಯ ಇತ್ತು. ರಾಜ್ಯ ಅಂದರೆ ಒಂದು ಮತ್ತಿಮರದ ಪೊಟರೆ. ಅದರೊಳಗೆ ಏಳು ಮೇಣದ ಗೋಡೆ, ಗೋಡೆ ತುಂಬ ಆರು ಮೂಲೆಯ ಕೋಣೆ, ಕೋಣೆ ತುಂಬ ಜನ. ಜನಕ್ಕೆ ರೆಕ್ಕೆ ಇತ್ತು. ಬಾಗಿಲು ಮಾತ್ರ ಒಂದೇ.

ಆ ನಾಡನ್ನು ಆಳುತ್ತಿದ್ದವಳು ಹೊಂಬಾಳೆ ರಾಣಿ. ಆಳುವುದೇನು ಬಂತು, ಬೆಳಗಾದರೆ ಮೊಟ್ಟೆ ಇಡುವುದು, ಬೈಗಾದರೂ ಮೊಟ್ಟೆ ಇಡುವುದು. ಅವಳ ಮದುವೆಯ ಕತೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡವರು ಮಾತ್ರ ಯಾರೂ ಇಲ್ಲ. ಪ್ರಾಯದಲ್ಲಿ ಒಂದು ಮಧ್ಯಾಹ್ನ ಹೊರಗೆ ಹೋದಳಂತೆ, ಆಕಾಶದಲ್ಲೇ ಹನ್ನೆರಡು ಜನರನ್ನು ಕಟ್ಟಿಕೊಂಡಳಂತೆ. ಹನ್ನೆರಡೂ ಗಂಡಂದಿರು ಅಲ್ಲಲ್ಲೇ ಸತ್ತು ಉದುರಿದರು. ಇವಳು ಮೈ ಕೊಡವಿಕೊಂಡು ಮನೆಗೆ ಬಂದಳು, ಒಂದು ತೊಟ್ಟು ಕಣ್ಣೀರಿಲ್ಲ.

ಆ ಮನೆಯಲ್ಲಿ ದ್ಯಾವಕ್ಕ ಅಂತ ಒಬ್ಬ ಮುದುಕಿ. ಅಲ್ಲಿನ ರೂಢಿ ಹೀಗೆ: ಎಳೆಯ ಹುಡುಗಿಯರು ಕೋಣೆ ಗುಡಿಸಬೇಕು, ಬಲಿತ ಮೇಲೆ ಕೂಸುಗಳಿಗೆ ಉಣಿಸಬೇಕು, ಆಮೇಲೆ ಗೋಡೆ ಕಟ್ಟಬೇಕು, ಬಾಗಿಲು ಕಾಯಬೇಕು. ಮುದುಕಿಯರಾದ ಮೇಲೆ ಹೊರಗೆ ಹಾರಿ ಹೂವಿನ ರಸ ತರಬೇಕು. ಹೊರಗೆ ಹಕ್ಕಿ ಇದೆ, ಜೇಡ ಇದೆ, ಗಾಳಿ ಇದೆ. ಬೇರೆ ರಾಜ್ಯಗಳಲ್ಲಿ ಮುದುಕರು ಮನೆಯಲ್ಲಿ ಕೂತು ಎಳೆಯರನ್ನು ಸಾಯಲು ಕಳಿಸುತ್ತಾರೆ, ಇಲ್ಲಿ ಹಾಗಿಲ್ಲ. ದ್ಯಾವಕ್ಕನ ರೆಕ್ಕೆಯ ಅಂಚು ಹರಿದು ಜಾಲರಿಯಾಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲು ಬಿಡುವಿಲ್ಲ. ನಿದ್ದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು.

ಅವಳಿಗಿದ್ದ ಆಸೆ ಒಂದೇ, ಚೆಲುವರಾಯ. ರಾಣಿಯ ಮಗ. ದಪ್ಪ ಕಣ್ಣು, ದಪ್ಪ ಸೊಂಟ, ಆ ಕಡೆಯ ಕಡ್ಡಿ ಎತ್ತಿ ಈ ಕಡೆ ಇಟ್ಟವನಲ್ಲ. ತನ್ನ ಉಣಿಸುವ ಸರದಿಯಲ್ಲಿ ದ್ಯಾವಕ್ಕ ಸಾಕಿದ ಕೂಸು ಅದು. ಹೆತ್ತವಳಿಗೆ ಅವನ ಹೆಸರೂ ನೆನಪಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಕಡಜಮಲ್ಲ ಎಂಬ ಮಂತ್ರವಾದಿ ಬಾಗಿಲಿಗೆ ಬಂದ. ಹಳದಿ ಮೋರೆ, ಪಟ್ಟೆ ಹೊಟ್ಟೆ, ಗರಗಸದಂಥ ಹಲ್ಲು. ಮನೆಮನೆಯನ್ನೇ ತಿಂದು ತೇಗಿದವನು. ಆದರೆ ಅವನ ಮಾಯೆಗೂ ಒಂದು ಕಟ್ಟು ಇತ್ತು. ಮನೆಯವರೇ ತಮ್ಮವನೊಬ್ಬನನ್ನು ಕೈಯಾರೆ ಕೊಟ್ಟರೆ ಮಾತ್ರ ಅದು ಪೂರ್ತಿಯಾಗುತ್ತಿತ್ತು.

"ನಿಮ್ಮ ಚೆಲುವರಾಯನ ಅಪ್ಪ ಯಾರು? ನಾಳೆ ಹೇಳಿ. ಹೇಳದಿದ್ದರೆ ಹಾದರದ ಕೂಸನ್ನು ನನಗೆ ಕೊಡಿ, ಮನೆ ಶುದ್ಧವಾಗಲಿ" ಅಂದ.

ಸರಿ, ಒಳಗೆ ಗುಸುಗುಸು ಎದ್ದಿತು. ಹುಡುಗಿಯರೆಲ್ಲ ತಂತಮ್ಮ ಅಪ್ಪನ ವಾಸನೆ ಹಿಡಿದು ಹನ್ನೆರಡು ಗುಂಪಾದರು. ಚೆಲುವರಾಯನನ್ನು ಮೂಸಿದರೆ ಹನ್ನೆರಡರಲ್ಲಿ ಒಂದೂ ಇಲ್ಲ. ಹಾಗಾದರೆ ಹದಿಮೂರನೆಯವನೂ ಒಬ್ಬ ಇದ್ದನೇ ಅಂತ ಒಬ್ಬಳು ಗಲ್ಲಕ್ಕೆ ಕೈ ಹಚ್ಚಿದಳು. ಕೂತು ತಿನ್ನುವವನು ತಾನೇ, ಕೊಟ್ಟುಬಿಡೋಣ ಅಂತ ಬಾಗಿಲು ಕಾಯುವ ಚಿಗುರಿ ಅಂದಳು. ಹೂಂಗುಟ್ಟಿದವರೇ ಹೆಚ್ಚು.

ದ್ಯಾವಕ್ಕ ಕಾಲೆಳೆಯುತ್ತ ರಾಣಿಯ ಹತ್ತಿರ ಹೋದಳು. ನಾಚಿಕೆ ಬಿಟ್ಟು ಕೇಳಿದಳು.

ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ. "ಗಂಡಂದಿರು ಕೊಟ್ಟಿದ್ದೆಲ್ಲ ನನ್ನ ಹೊಟ್ಟೆಯ ಚೀಲದಲ್ಲಿದೆ, ದ್ಯಾವಿ. ಮೊಟ್ಟೆ ಇಡುವಾಗ ಚೀಲದ ಬಾಯಿ ಬಿಟ್ಟರೆ ಮಗಳು. ಬಿಡದಿದ್ದರೆ ಮಗ. ಅವನಿಗೆ ಅಪ್ಪನೇ ಇಲ್ಲ, ಅವನು ಬರೀ ನನ್ನವನು. ಹೋಗೇ, ನನಗೆ ಸಾಕಾಗಿದೆ."

ಮಾರನೆಯ ದಿನ ದ್ಯಾವಕ್ಕನೇ ಬಾಗಿಲಲ್ಲಿ ನಿಂತಳು. "ಅವನಿಗೆ ಅಪ್ಪ ಇಲ್ಲ ಕಣಯ್ಯ. ಅಮ್ಮ ಇದ್ದಾಳೆ, ಅಮ್ಮನ ಅಪ್ಪ ಇದ್ದ. ಅಪ್ಪನಿಲ್ಲದೆ ತಾತ ಇರೋ ಹುಡುಗ ನಮ್ಮವನು. ಈ ಮನೆ ಗಂಡುಮಕ್ಕಳೆಲ್ಲ ಹಾಗೇ. ಇಲ್ಲದ ಗಂಡಸಿನ ಜೊತೆ ಹಾದರ ಎಲ್ಲಿಂದ ಬಂತು?"

ಕಡಜಮಲ್ಲನ ಮೊದಲ ಹೂಟ ಮುರಿಯಿತು. ಆದರೆ ಸುಮ್ಮನಾಗುವ ಜಾತಿಯಲ್ಲ. ಹನ್ನೆರಡು ಗಂಡಂದಿರ ಸಂತಾನ ಒಂದು ಮನೆಯಾಗಿ ನಿಲ್ಲುವುದುಂಟೇ, ನೋಡೇಬಿಡುತ್ತೇನೆ ಅಂತ ಹೇಳಿ ಪೊಟರೆಯೊಳಗೆ ಬೆಂಕಿಯಂಥ ಉಸಿರು ಊದಿದ. ಮೇಣ ಕರಗಿ ಗೋಡೆ ಜಾರಿದರೆ ಹುಡುಗನನ್ನು ಎಸೆದು ಪ್ರಾಣ ಉಳಿಸಿಕೊಳ್ಳುತ್ತಾರೆ ಅಂತ ಅವನ ಎಣಿಕೆ.

ಬಿಸಿ ಏರಿತು. ಒಬ್ಬ ಅಪ್ಪನ ಮಕ್ಕಳಿಗೆ ಸ್ವಲ್ಪ ಸೆಕೆಯೂ ತಡೆಯದು, ಅವರು ಮೊದಲೇ ರೆಕ್ಕೆ ಬೀಸತೊಡಗಿದರು. ಇನ್ನೊಬ್ಬನ ಮಕ್ಕಳು ಮೊಂಡರು, ಅವರಿಗೆ ಸೆಕೆ ತಿಳಿದದ್ದು ಆಮೇಲೆ. ಮತ್ತೊಬ್ಬನ ಮಕ್ಕಳು ಇನ್ನೂ ತಡ. ಮೊದಲಿನವರು ಸುಸ್ತಾಗುವ ಹೊತ್ತಿಗೆ ಮುಂದಿನವರು, ಅವರು ಸೋಲುವ ಹೊತ್ತಿಗೆ ಅದರ ಮುಂದಿನವರು. ಎಲ್ಲರಿಗೂ ಒಬ್ಬನೇ ಅಪ್ಪನಾಗಿದ್ದರೆ ಎಲ್ಲರೂ ಒಟ್ಟಿಗೆ ಬೀಸಿ, ಒಟ್ಟಿಗೆ ಬಿದ್ದು, ಮನೆ ಕರಗಿಹೋಗುತ್ತಿತ್ತು. ಇಷ್ಟು ದಿನ ಬಾಯಿ ಚಪ್ಪರಿಸಿ ಆಡಿಕೊಂಡ ಸಂಗತಿಯೇ ಅವತ್ತು ಅವರನ್ನು ಕಾಯಿತು. ಸಂಜೆಯವರೆಗೂ ಒಂದು ಹನಿ ಮೇಣ ಜಾರಲಿಲ್ಲ.

ಏನಾಯಿತು ನೋಡೋಣ ಅಂತ ಕಡಜಮಲ್ಲ ಬಾಗಿಲಿಗೆ ತಲೆ ತೂರಿಸಿದ. ಒಳಗಿಂದ ಬಂದ ಸೆಕೆ ಮೋರೆಗೆ ಬಡಿದದ್ದೇ ತಡ, ಬೆವರಿ ಹಿಂದಕ್ಕೆ ಹಾರಿದ. ಬಾಗಿಲ ಬಳಿ ಬಿದ್ದುಕೊಂಡಿದ್ದ ದ್ಯಾವಕ್ಕ ಅದನ್ನು ಕಂಡಳು. ಬಿಸಿ ಊದುವವನಿಗೆ ಬಿಸಿ ತಡೆಯುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

ಮೂರನೆಯ ದಿನ ಅವನು ಏನೂ ಕೇಳಲಿಲ್ಲ. ಮಾಯೆ ನಡೆಯದ ಮೇಲೆ ಹಲ್ಲನ್ನೇ ನಂಬಿ ಹೊಸಿಲು ದಾಟಿ ಒಳಗೇ ಬಂದ. ಚಿಗುರಿ ಮೈಮೇಲೆ ಬಿದ್ದು ಚುಚ್ಚಿದಳು, ಅವನ ಚಿಪ್ಪಿಗೆ ಮುಳ್ಳು ನಾಟಲೇ ಇಲ್ಲ. ಅವಳನ್ನು ಎರಡು ತುಂಡು ಮಾಡಿ ಎಸೆದ. ಚೆಲುವರಾಯ ಮುಂದೆ ಬಂದು, ನನ್ನಿಂದ ಯಾರೂ ಸಾಯುವುದು ಬೇಡ, ನಾನೇ ಹೋಗುತ್ತೇನೆ ಅಂದ. ಹುಟ್ಟಿದ ಮೇಲೆ ಅವನು ಮಾಡಹೊರಟ ಮೊದಲ ಕೆಲಸ ಅದೇ.

ದ್ಯಾವಕ್ಕ ಅವನನ್ನು ಹಿಂದಕ್ಕೆ ನೂಕಿದಳು. "ಕೂತ್ಕೊಳ್ಳೋ. ಬನ್ನಿರೇ ಮುದುಕಿಯರಾ, ಯಾರೂ ಚುಚ್ಚಬೇಡಿ. ಚಳಿಯಲ್ಲಿ ಕೂಸುಗಳಿಗೆ ಮಾಡ್ತೀವಲ್ಲ, ಹಾಗೆ ಮಾಡಿ."

ಹಾಗಂದವಳೇ ಹೋಗಿ ಕಡಜಮಲ್ಲನನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅವಳ ಮೇಲೆ ಇನ್ನೊಬ್ಬಳು, ಅವಳ ಮೇಲೆ ಮತ್ತೊಬ್ಬಳು, ಹನ್ನೆರಡು ಅಪ್ಪಂದಿರ ಮಕ್ಕಳೂ ಒಂದೇ ಉಂಡೆಯಾದರು. ರೆಕ್ಕೆ ಆಡಿಸದೆ ಮೈಯನ್ನಷ್ಟೇ ನಡುಗಿಸಿದರು. ಉಂಡೆ ಕಾಯಿತು. ಅವನು ಸಾಯುವ ಬಿಸಿಗೂ ಅವರು ಸಾಯುವ ಬಿಸಿಗೂ ಕೂದಲೆಳೆಯ ಅಂತರ. ಆ ಕೂದಲೆಳೆಯ ಮೇಲೆ ಮುದುಕಿಯರು ಒಂದು ಗಳಿಗೆ ನಿಂತರು. ಕಡಜಮಲ್ಲ ಮಂತ್ರ ಹೇಳಲು ಬಾಯಿ ತೆರೆದ, ನಾಲಿಗೆ ಒಣಗಿತ್ತು. ಬೆಂದ ಬದನೆಕಾಯಿಯ ಹಾಗೆ ಮುದುಡಿ ಬಿದ್ದ.

ಉಂಡೆ ಬಿಚ್ಚಿತು. ಕೆಲವರು ಏಳಲಿಲ್ಲ. ದ್ಯಾವಕ್ಕ ಎದ್ದಳು, ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಕಡಜಮಲ್ಲ ಸತ್ತು ಮಾಯೆ ಒಡೆದದ್ದರಿಂದ ಅವನು ತಿಂದ ಮನೆಗಳ ಜನವೆಲ್ಲ ಅವನ ಹೊಟ್ಟೆಯಿಂದ ಹೊರಬಂದು ತಂತಮ್ಮ ಮರಗಳಿಗೆ ಹಾರಿದರು. ಚಿಗುರಿಯ ತುಂಡುಗಳೂ ಕೂಡಿಕೊಂಡವು. ಚೆಲುವರಾಯನನ್ನು ಕೊಟ್ಟುಬಿಡೋಣ ಅಂತ ಆಮೇಲೆ ಯಾರೂ ಅನ್ನಲಿಲ್ಲ.

ಹಾಗಂತ ಬಾಯಿ ಸುಮ್ಮನಿರುತ್ತದೆಯೇ? ಮಧ್ಯಾಹ್ನದೊಳಗೆ ಏಳೂ ಗೋಡೆಗಳಿಗೆ ಸುದ್ದಿ ಹಬ್ಬಿತು. ಜನ್ಮವಿಡೀ ಗಂಡಿನ ನೆರಳು ಸೋಕದ ದ್ಯಾವಕ್ಕ, ಈ ವಯಸ್ಸಿನಲ್ಲಿ, ಎಲ್ಲರ ಎದುರಿಗೆ, ಪರಗಂಡಸನ್ನು ತಬ್ಬಿಕೊಂಡಳಂತೆ! ಪ್ರಾಣ ಕೂಡಿಕೊಂಡ ಚಿಗುರಿಯೇ ಮೊದಲು ಬಂದು ಕೇಳಿದಳು, ನಿಜವೇನಕ್ಕ ಅಂತ.

"ಹೂಂ ಕಣೇ, ತಬ್ಬಿಕೊಂಡೆ" ಅಂದಳು ದ್ಯಾವಕ್ಕ. "ಒಬ್ಬನಿಗೇ ಇಷ್ಟು ಸುಸ್ತು. ರಾಣಿ ಹನ್ನೆರಡು ಜನರನ್ನು ಹೇಗೆ ಸುಧಾರಿಸಿದಳೋ."

ಹೀಗಂದು ಗೋಡೆಗೆ ಒರಗಿದಳು. ಒರಗಿದ್ದಲ್ಲೇ ನಿದ್ದೆ ಬಂತು. ಅವತ್ತು ಅವಳನ್ನು ಯಾರೂ ಹೂವಿಗೆ ಎಬ್ಬಿಸಲಿಲ್ಲ. ತುಡುವೆನಾಡಿನಲ್ಲಿ ಎಲ್ಲರೂ ಉಂಡು, ದುಡಿದು, ಒಬ್ಬರನ್ನೊಬ್ಬರು ಆಡಿಕೊಂಡು ಸುಖವಾಗಿದ್ದರು. ಕೇಳಿದವರ ಬಾಯಿಗೆ ಜೇನು ಬೀಳಲಿ.